ಮಗನ ಓದಿನ ಸಾಲ, ಅಂಗಡಿ ಮುಂದೆ ರಿಕವರಿಯವರು: ಏನು ಮಾಡಲಿ?

ಪ್ರಶ್ನೆ: ಮಗನ ಇಂಜಿನಿಯರಿಂಗ್‌ಗೆ ಅಂತ ಬ್ಯಾಂಕಿನಲ್ಲಿ 4 ಲಕ್ಷ ಶಿಕ್ಷಣ ಸಾಲ ತೆಗೆದಿದ್ದೆವು. ಅಡಮಾನ ಏನೂ ಇಟ್ಟಿಲ್ಲ, ಪತ್ರಕ್ಕೆ ನಾನೂ ಸಹಿ ಹಾಕಿದ್ದೇನೆ. ಅವನಿಗೆ ಸರಿಯಾದ ಕೆಲಸ ಸಿಗಲಿಲ್ಲ, ಒಂದು ವರ್ಷದಿಂದ ಕಂತು ನಿಂತಿದೆ. ಈಗ ರಿಕವರಿಯವರು ಬೆಳಗ್ಗೆ 7ಕ್ಕೇ ಫೋನ್ ಮಾಡುತ್ತಾರೆ. ಮೊನ್ನೆ ಅಂಗಡಿ ಮುಂದೆ ನಿಂತು ಗಿರಾಕಿಗಳ ಎದುರೇ ಕೂಗಾಡಿದರು. ದುಡ್ಡು ಕಟ್ಟದಿದ್ದರೆ ಪೊಲೀಸರು ಬಂದು ಎಳೆದುಕೊಂಡು ಹೋಗುತ್ತಾರಂತೆ. ನಿಜವಾ?

ಉತ್ತರ: ಇಲ್ಲ. ಸಾಲ ಕಟ್ಟಲು ಆಗದೇ ಇರುವುದು ಅಪರಾಧ ಅಲ್ಲ. ಅದು ಸಿವಿಲ್ ವ್ಯವಹಾರ, ಪೊಲೀಸರಿಗೆ ಅಲ್ಲಿ ಕೆಲಸ ಇಲ್ಲ. ಒಂದು ಎಚ್ಚರಿಕೆ ಮಾತ್ರ ಇರಲಿ. ನೀವು ಕೊಟ್ಟ ಚೆಕ್ ಬೌನ್ಸ್ ಆದರೆ ಚೆಕ್ಕುಗಳ ಕಾನೂನಿನ (ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ) ಸೆಕ್ಷನ್ 138ರಲ್ಲಿ ಕ್ರಿಮಿನಲ್ ಕೇಸ್ ಹಾಕಬಹುದು. ಕಂತಿಗೆ ಅಂತ ಖಾತೆಯಿಂದ ತಾನಾಗಿ ದುಡ್ಡು ಕಡಿತ ಆಗುವ ವ್ಯವಸ್ಥೆ ಇದ್ದು, ಅದು ಬೌನ್ಸ್ ಆದರೂ 2007ರ ಇನ್ನೊಂದು ಕಾನೂನಿನಲ್ಲಿ ಹಾಗೇ ಕೇಸ್ ಆಗಬಹುದು. ಹಾಗಾಗಿ ರಿಕವರಿಯವರು ಎಷ್ಟೇ ಒತ್ತಾಯ ಮಾಡಿದರೂ ಹೊಸದಾಗಿ ಚೆಕ್ ಬರೆದುಕೊಡಬೇಡಿ. ಕೋರ್ಟಿನಿಂದ ಸಮನ್ಸ್ ಬಂದರೆ ಮಾತ್ರ ಮೂಲೆಗೆ ಎಸೆಯದೆ ವಕೀಲರ ಹತ್ತಿರ ಹೋಗಿ.

ಮನೆಗೆ ಬೀಗ ಹಾಕುತ್ತಾರಾ ಅನ್ನುವ ಭಯವೂ ಇರುತ್ತದೆ, ಅಲ್ವಾ? 2002ರ ಸರ್ಫೇಸಿ ಕಾನೂನಿನಲ್ಲಿ 60 ದಿನದ ನೋಟಿಸ್ ಕೊಟ್ಟು ಆಸ್ತಿ ವಶಕ್ಕೆ ತೆಗೆದುಕೊಳ್ಳುವ ಅಧಿಕಾರ ಬ್ಯಾಂಕಿಗಿದೆ. ಆದರೆ ಅದು ಅಡಮಾನ ಇಟ್ಟ ಆಸ್ತಿಗೆ ಮಾತ್ರ. ನೀವು ಇಟ್ಟಿಲ್ಲ. ಬ್ಯಾಂಕು ಸಿವಿಲ್ ಕೋರ್ಟಿಗೆ ಹೋಗಿ ಡಿಕ್ರಿ, ಅಂದರೆ ದುಡ್ಡು ಕಟ್ಟಿ ಅನ್ನುವ ಕೋರ್ಟಿನ ತೀರ್ಪು ತರಬೇಕು, ಆಮೇಲೆ ಮುಂದಿನ ಮಾತು. ಹಾಗಂತ "ನಾನು ಬರೀ ಸಹಿ ಹಾಕಿದ್ದು" ಅನ್ನುವ ಮಾತು ಕೋರ್ಟಿನಲ್ಲಿ ನಡೆಯುವುದಿಲ್ಲ. ಸಹ-ಸಾಲಗಾರ ಅಂದರೆ ಮಗನಷ್ಟೇ ನೀವೂ ಹೊಣೆ.

ಇನ್ನು ಅಂಗಡಿ ಮುಂದೆ ಕೂಗಾಡಿದ ವಿಷಯ. ಸಾಲ ನಿಜ, ಆದರೆ ಹಾಗೆ ಕೂಗಾಡುವ ಹಕ್ಕು ಯಾರಿಗೂ ಇಲ್ಲ. 2022ರ ಆಗಸ್ಟ್‌ನಲ್ಲಿ ಆರ್‌ಬಿಐ ಇದನ್ನು ಸ್ಪಷ್ಟವಾಗಿ ಹೇಳಿದೆ: ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ವಸೂಲಿಗೆ ಫೋನ್ ಮಾಡುವಂತಿಲ್ಲ. ನಾಲ್ಕು ಜನರ ಎದುರು ಮಾನ ಕಳೆಯುವಂತಿಲ್ಲ, ಬೆದರಿಸುವಂತಿಲ್ಲ, ನೆಂಟರಿಷ್ಟರಿಗೆ ಕಾಟ ಕೊಡುವಂತಿಲ್ಲ. ಏಜೆಂಟ್ ಏನು ಮಾಡಿದರೂ ಅದಕ್ಕೆ ಬ್ಯಾಂಕೇ ಜವಾಬ್ದಾರಿ. "ಅವರು ನಮ್ಮವರಲ್ಲ, ಏಜೆನ್ಸಿಯವರು" ಅಂತ ಮ್ಯಾನೇಜರ್ ಕೈ ತೊಳೆದುಕೊಂಡರೆ ಒಪ್ಪಬೇಡಿ.

ಮುಂದಿನ ಸಲ ಬಂದಾಗ ಜಗಳಕ್ಕೆ ಇಳಿಯಬೇಡಿ. ಗಿರಾಕಿಯನ್ನು ಮಾತಾಡಿಸುವ ದನಿಯಲ್ಲೇ ಕೇಳಿ: "ಗುರುತಿನ ಚೀಟಿ ತೋರಿಸಿ. ಬ್ಯಾಂಕು ಕೊಟ್ಟ ಅಧಿಕಾರ ಪತ್ರ ತೋರಿಸಿ." ಇವೆರಡೂ ಅವರ ಕೈಯಲ್ಲಿ ಇರಲೇಬೇಕು. ಫೋಟೋ ತೆಗೆದುಕೊಳ್ಳಿ. ಇಲ್ಲ ಅಂದರೆ ಅಲ್ಲಿಗೆ ಮಾತು ಮುಗಿಯಿತು. ಫೋನ್ ಬಂದ ದಿನ, ಹೊತ್ತು, ನಂಬರ್, ಆಡಿದ ಮಾತು ಎಲ್ಲವನ್ನೂ ಅಂಗಡಿಯ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲೇ ಬರೆದಿಡಿ. ಕಾಲ್ ರೆಕಾರ್ಡ್ ಇದ್ದರೆ ಇನ್ನೂ ಒಳ್ಳೆಯದು. ಕೈ ಎತ್ತಿದರೆ, ಜೀವಭಯ ಹಾಕಿದರೆ 112ಕ್ಕೆ ಫೋನ್ ಮಾಡಿ, ಅಪರಾಧ ಅಂದರೆ ಅದು.

"ಸದ್ಯಕ್ಕೆ ಐದು ಸಾವಿರ ನನ್ನ ನಂಬರಿಗೆ ಫೋನ್‌ಪೇ ಮಾಡಿ, ಒಂದು ತಿಂಗಳು ಯಾರೂ ಬರಲ್ಲ" ಅಂತಾರೆ. ಮಾಡಲೇಬೇಡಿ. ಕಟ್ಟುವುದಾದರೆ ಸಾಲದ ಖಾತೆಗೇ ಕಟ್ಟಿ, ರಸೀದಿ ಇಟ್ಟುಕೊಳ್ಳಿ.

ನಿಜವಾದ ಕೆಲಸ ಇರುವುದು ಬ್ರಾಂಚಿನಲ್ಲಿ. ಮಗನನ್ನೂ ಕರೆದುಕೊಂಡು ಹೋಗಿ. ಮೊದಲು ಸಾಲದ ಖಾತೆಯ ಪೂರ್ತಿ ಸ್ಟೇಟ್‌ಮೆಂಟ್ ಕೇಳಿ. ಅಸಲು ಎಷ್ಟು, ಬಡ್ಡಿ ಎಷ್ಟು, ದಂಡ ಎಷ್ಟು ಅಂತ ಬೇರೆ ಬೇರೆ ನೋಡಿ. ಈಗಿನ ನಿಯಮದಲ್ಲಿ ದಂಡದ ಮೇಲೆ ಬಡ್ಡಿ ಹಾಕುವ ಹಾಗಿಲ್ಲ. ಆಮೇಲೆ ಒಂದು ಅರ್ಜಿ ಬರೆಯಿರಿ, ಕನ್ನಡದಲ್ಲೇ ಬರೆಯಿರಿ: ಮಗನ ಸಂಬಳ ಇಷ್ಟು, ತಿಂಗಳಿಗೆ ಇಷ್ಟು ಕಟ್ಟಬಲ್ಲೆವು, ಕಂತು ಇಳಿಸಿ ಅವಧಿ ಹೆಚ್ಚಿಸಿಕೊಡಿ. ರಿಕವರಿಯವರ ಕಾಟದ ದೂರನ್ನು ಬೇರೆ ಹಾಳೆಯಲ್ಲಿ ಕೊಡಿ. ಎರಡಕ್ಕೂ ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳದೆ ಅಲ್ಲಿಂದ ಏಳಬೇಡಿ. ಬಾಯಿಮಾತಲ್ಲಿ ಹೇಳಿ ಬಂದರೆ ಹೇಳದ ಹಾಗೇ.

ದೂರಿಗೆ 30 ದಿನದೊಳಗೆ ಉತ್ತರ ಬರದಿದ್ದರೆ, ಬಂದ ಉತ್ತರ ಸಮಾಧಾನ ತರದಿದ್ದರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ (ಬ್ಯಾಂಕುಗಳ ಮೇಲಿನ ದೂರು ಕೇಳುವ ಅಧಿಕಾರಿ) ಆನ್‌ಲೈನಿನಲ್ಲಿ ದೂರು ಕೊಡಬಹುದು. ಖರ್ಚಿಲ್ಲ, ವಕೀಲರೂ ಬೇಡ. ಮಾಹಿತಿಗೆ 14448. ಮೈಕ್ರೋ ಫೈನಾನ್ಸ್ ಕಾಟದ ವಿರುದ್ಧ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದು, ಆಮೇಲೆ ಅದನ್ನೇ ಕಾನೂನು ಮಾಡಿತಲ್ಲ, ಅದನ್ನು ನೆಚ್ಚಿಕೊಳ್ಳಬೇಡಿ. ಆರ್‌ಬಿಐ ನೋಂದಣಿ ಇರುವ ಬ್ಯಾಂಕುಗಳನ್ನು ಅದು ಹೊರಗಿಟ್ಟಿದೆ.

"ಮೂರು ವರ್ಷ ಸುಮ್ನಿದ್ದರೆ ಸಾಲ ತಾನಾಗೇ ಸತ್ತುಹೋಗುತ್ತೆ" ಅಂತ ಯಾರಾದರೂ ಕಿವಿಯೂದಿದರೆ ನಂಬಬೇಡಿ. ಕಾಲಮಿತಿ ಮೂರು ವರ್ಷ ನಿಜ. ಆದರೆ ಅದರೊಳಗೆ ಒಂದಿಷ್ಟು ದುಡ್ಡು ಕಟ್ಟಿದರೂ, ಬಾಕಿ ಒಪ್ಪಿಕೊಂಡು ಒಂದು ಸಹಿ ಹಾಕಿದರೂ ಲೆಕ್ಕ ಮತ್ತೆ ಮೊದಲಿನಿಂದ ಶುರು. ಅಷ್ಟರಲ್ಲಿ ಬ್ಯಾಂಕೂ ಸುಮ್ನೆ ಕೂರುವುದಿಲ್ಲ, ಬಡ್ಡಿಯೂ ನಿಲ್ಲುವುದಿಲ್ಲ.

ಒಟ್ಟಿಗೆ ಒಂದಿಷ್ಟು ದುಡ್ಡು ಹೊಂದಿಸಲು ಆಗುತ್ತದೆ ಅಂದರೆ ಒಟಿಎಸ್ ಕೇಳಿ, ಅಂದರೆ ಬಾಕಿಗಿಂತ ಕಡಿಮೆ ಮೊತ್ತವನ್ನು ಒಂದೇ ಸಲಕ್ಕೆ ಕಟ್ಟಿ ತೀರಿಸುವ ಒಪ್ಪಂದ. ಲೋಕ್ ಅದಾಲತ್‌ನಲ್ಲೂ ಇದು ಆಗುತ್ತದೆ, ಆದರೆ ಅಲ್ಲಿ ಒಪ್ಪಿದ ಮೇಲೆ ಅಪೀಲು ಇಲ್ಲ. ಎಲ್ಲಾದರೂ ಸರಿ, ಮೊತ್ತ ಮತ್ತು ಗಡುವು ಬರೆದ ಪತ್ರ ಕೈಗೆ ಬಂದ ಮೇಲೇ ದುಡ್ಡು ಕಟ್ಟಿ, ಕಟ್ಟಿದ ಮೇಲೆ ನೋ ಡ್ಯೂ ಸರ್ಟಿಫಿಕೇಟ್ ಪಡೆಯಿರಿ. ಒಟಿಎಸ್ ಮಾಡಿದರೆ ಸಿಬಿಲ್‌ನಲ್ಲಿ, ಅಂದರೆ ಯಾರು ಸಾಲ ಹೇಗೆ ಕಟ್ಟಿದರು ಅನ್ನುವ ದಾಖಲೆಯಲ್ಲಿ, ಮಗನ ಹೆಸರಿನ ಮುಂದೆ ‘ಕ್ಲೋಸ್ಡ್’ ಬದಲು ‘ಸೆಟಲ್ಡ್’ ಅಂತ ಬರುತ್ತದೆ, ನಿಮ್ಮ ಹೆಸರಿನ ಮುಂದೆಯೂ ಅಷ್ಟೇ. ನಾಳೆ ಅವನು ಮನೆ ಸಾಲಕ್ಕೆ ಹೋದಾಗ ಬ್ಯಾಂಕಿನವರು ಅದನ್ನು ನೋಡುತ್ತಾರೆ. ಹಾಗಾಗಿ ಅವನ ಸಂಬಳದಲ್ಲಿ ಚಿಕ್ಕ ಕಂತು ಹೇಗಾದರೂ ನಡೆಯುತ್ತದೆ ಅನ್ನುವ ಹಾಗಿದ್ದರೆ, ನಾನಾದರೆ ಒಟಿಎಸ್‌ಗಿಂತ ಮೊದಲು ಕಂತು ಇಳಿಸುವ ಅರ್ಜಿಯನ್ನೇ ಕೊಡುತ್ತೇನೆ.