ಪಡೀಲಿನ ಕವಲು: ಮಂಗಳೂರಿನ ಹಳಿ ಮೂರು ಪಾಲಾದದ್ದು ಹೇಗೆ?

ಮಂಗಳೂರಿನಲ್ಲಿ ರೈಲಿನ ವಿಷಯ ಎತ್ತಿದರೆ ಐದೇ ನಿಮಿಷದಲ್ಲಿ ಮಾತು ಪಾಲಕ್ಕಾಡಿಗೆ ಹೋಗುತ್ತದೆ. ಅಲ್ಲಿಂದ ಹುಬ್ಬಳ್ಳಿಗೆ, ಅಲ್ಲಿಂದ ನವಿ ಮುಂಬೈಗೆ. ಒಬ್ಬರು ಪ್ರತ್ಯೇಕ ವಿಭಾಗ ಬೇಕು ಅನ್ನುತ್ತಾರೆ. ಇನ್ನೊಬ್ಬರು ವಿಲೀನ ಆಗಲಿ ಅನ್ನುತ್ತಾರೆ. ಮೂರನೆಯವರು ಶಿರಾಡಿ ಘಾಟಿಯಲ್ಲಿ ಸುರಂಗ ಕೊರೆದರೆ ಎಲ್ಲ ಸರಿಹೋಗುತ್ತದೆ ಅಂತ ಮಾತು ಮುಗಿಸುತ್ತಾರೆ. ನಡುವೆ ಬಂದರು, ಹೆದ್ದಾರಿ, ಟೋಲ್ ಗೇಟು ಎಲ್ಲ ಬಂದು ಹೋಗುತ್ತವೆ. ಈ ಗೋಜಲಿನ ತುದಿ ಎಲ್ಲಿದೆ ಅಂತ ಹುಡುಕಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅದಕ್ಕೂ ಮೊದಲು ಈಗಿನ ನಕ್ಷೆ ನೋಡೋಣ. ಹಾಸನ, ಪುತ್ತೂರು, ಬಂಟ್ವಾಳ ದಾಟಿ ಬರುವ ಹಳಿ ಮಂಗಳೂರಿನ ಅಂಚಿನ ಪಡೀಲಿಗೆ ಬಂದು ಕವಲೊಡೆಯುತ್ತದೆ. ಪಡೀಲಿನಿಂದ ಪೂರ್ವಕ್ಕೆ ಇರುವುದು ಮೈಸೂರು ವಿಭಾಗ. ಅದು ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ನೈಋತ್ಯ ರೈಲ್ವೆಗೆ ಸೇರಿದ್ದು. ನಾವು ಇನ್ನೂ ಕಂಕನಾಡಿ ಸ್ಟೇಷನ್ ಅಂತಲೇ ಕರೆಯುವ ಮಂಗಳೂರು ಜಂಕ್ಷನ್, ಪೇಟೆಯೊಳಗಿನ ಸೆಂಟ್ರಲ್, ಬಂದರಿನ ಪಣಂಬೂರು ಪಾಲಕ್ಕಾಡ್ ವಿಭಾಗದವು. ಅಂದರೆ ಚೆನ್ನೈಯ ದಕ್ಷಿಣ ರೈಲ್ವೆ. ಉತ್ತರಕ್ಕೆ ತೋಕೂರು ದಾಟಿದರೆ ಕೊಂಕಣ ರೈಲ್ವೆ. ಅದರ ಕಚೇರಿ ನವಿ ಮುಂಬೈಯ ಬೇಲಾಪುರದಲ್ಲಿ. ಬೈಕಿನಲ್ಲಿ ಹೋದರೆ ಒಂದು ಗಂಟೆಯೊಳಗೆ ಮೂರೂ ಗಡಿ ನೋಡಿ ಬರಬಹುದು.

ಇದನ್ನು ಯಾರೂ ಕೂತು ಹೀಗೇ ಇರಲಿ ಅಂತ ಯೋಜನೆ ಹಾಕಿದ್ದಲ್ಲ. ಒಂದೊಂದು ಹಳಿ ಒಂದೊಂದು ಕಾಲದಲ್ಲಿ, ಒಂದೊಂದು ಉದ್ದೇಶಕ್ಕೆ ಬಂತು.

ಮೊದಲು ಬಂದದ್ದು ದಕ್ಷಿಣದಿಂದ. 1907ರಲ್ಲಿ ಮಂಗಳೂರಿಗೆ ರೈಲು ಬಂದಾಗ ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯದ ಜಿಲ್ಲೆ. ಆದ್ದರಿಂದ ಹಳಿ ಮಲಬಾರಿನ ಮೂಲಕ ಮದರಾಸಿನ ಕಡೆ ಮುಖ ಮಾಡಿತ್ತು. ಘಟ್ಟದ ಮೇಲಿನ ಮೈಸೂರು ಬೇರೆಯೇ ರಾಜ್ಯ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆಗಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಕಾಸರಗೋಡು ಕೇರಳಕ್ಕೆ ಹೋಯಿತು. ಹಳಿ ಮಾತ್ರ ಇದ್ದ ಕಡೆಯೇ ಉಳಿಯಿತು, ಅದರ ಆಡಳಿತವೂ ಅಷ್ಟೆ.

ಇಷ್ಟರೊಳಗೆ ಊರಿನವರು ಸುಮ್ನೆ ಕೂತಿರಲಿಲ್ಲ. ಬಾಸೆಲ್ ಮಿಷನ್‌ನವರು 1865ರಲ್ಲೇ ಹಂಚಿನ ಕಾರ್ಖಾನೆ ಹಾಕಿದ್ದರು. ಆಮೇಲೆ ನೇತ್ರಾವತಿ, ಫಲ್ಗುಣಿ ದಂಡೆಯುದ್ದಕ್ಕೂ ಹಂಚಿನ ಚಿಮಣಿಗಳು ಎದ್ದವು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್. ಮುಂದೆ ಕರ್ಣಾಟಕ ಬ್ಯಾಂಕ್, ಸಿಂಡಿಕೇಟ್, ವಿಜಯಾ. 1914ರಲ್ಲಿ ಸಿಪಿಸಿ ಬಸ್ ಕಂಪನಿ. ಇಲ್ಲಿನ ಖಾಸಗಿ ಬಸ್ಸಿನ ಸಂಪ್ರದಾಯ ಅಷ್ಟು ಹಳೆಯದು. ಇವತ್ತಿಗೂ ಸ್ಟೇಟ್ ಬ್ಯಾಂಕ್ ಸ್ಟ್ಯಾಂಡಿನಲ್ಲಿ ಉಡುಪಿ ಎಕ್ಸ್‌ಪ್ರೆಸ್ ಹತ್ತಿದವನಿಗೆ ಅದು ಗೊತ್ತಾಗುತ್ತದೆ. ಹಿಂದಿನ ಬಸ್ಸಿನ ಟೈಮ್ ಆಗುವ ಮೊದಲು ಹೊರಡಬೇಕು ಅಂತ ಕಂಡಕ್ಟರ್ ವಾಚು ನೋಡುತ್ತ ಬಾಗಿಲು ಬಡಿಯುತ್ತಾನೆ, "ರೈಟ್ ಪೋಯಿ" ಅನ್ನುತ್ತಾನೆ, ಹತ್ತುವವರ ಒಂದು ಕಾಲು ಇನ್ನೂ ಕೆಳಗೇ ಇರುತ್ತದೆ. ಊರಿನವರ ದುಡ್ಡು, ಊರಿನವರ ತಲೆಯಿಂದ ಆಗಬಹುದಾದದ್ದು ಇಲ್ಲಿ ಬೇಗ ಬೆಳೆಯಿತು ಅನ್ನುವುದು ಇದರಲ್ಲೇ ಕಾಣುತ್ತದೆ. ಬ್ಯಾಂಕು, ಬಸ್ಸು, ಕಾಲೇಜು ಅದಕ್ಕೆ ಸಾಕ್ಷಿ. ಬಂದರು, ಹಳಿ, ಘಟ್ಟದ ರಸ್ತೆ ಹಾಗಲ್ಲ. ಅವಕ್ಕೆ ದೆಹಲಿಯ ಸಹಿ ಬೇಕು.

ಆ ಸಹಿ ಬಿದ್ದದ್ದು ಬಂದರಿಗೆ. ಹಳೆ ಬಂದರಿನ ಅಳಿವೆ ಬಾಗಿಲಿನಲ್ಲಿ ಹೂಳು ತುಂಬುತ್ತಿತ್ತು. ದೊಡ್ಡ ಹಡಗು ಒಳಗೆ ಬರುವಂತಿರಲಿಲ್ಲ, ಕಡಲಲ್ಲಿ ದೂರ ನಿಲ್ಲಬೇಕು, ಸರಕು ದೋಣಿಯಲ್ಲಿ ಹೋಗಬೇಕು. ಪಣಂಬೂರಿನಲ್ಲಿ ಹೊಸ ಬಂದರು 1974ರಲ್ಲಿ ಶುರುವಾಯಿತು, 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಬಂದರಿಗೆ ಘಟ್ಟದ ಮೇಲಿನಿಂದ ಸರಕು ಇಳಿಸಲು ಹಾಸನ–ಮಂಗಳೂರು ಮೀಟರ್ ಗೇಜ್, ಅಂದರೆ ಒಂದು ಮೀಟರ್ ಅಗಲದ, ಹಳಿ ಬಂತು. ಘಟ್ಟ ಕೊರೆಯುವ ಕೆಲಸ ವರ್ಷಗಟ್ಟಲೆ ನಡೆದು 1979ರಲ್ಲಿ ಪೂರ್ಣವಾಯಿತು.

ಆದರೆ ಬಂದರಿನ ದೊಡ್ಡ ಸರಕು ಆ ಹಳಿ ಹತ್ತಲೇ ಇಲ್ಲ. ಕುದುರೆಮುಖದ ಅದಿರನ್ನು ಪುಡಿ ಮಾಡಿ, ನೀರಿನಲ್ಲಿ ಕಲಸಿ, 67 ಕಿ.ಮೀ. ಪೈಪಿನಲ್ಲಿ ಪಣಂಬೂರಿಗೆ ಹರಿಸಿದರು. ಇರಾನ್ ಸಾಲ ಕೊಟ್ಟು ಅದಿರು ಕೊಳ್ಳುವ ಒಪ್ಪಂದ ಆಗಿತ್ತು. ಅಲ್ಲಿ ಕ್ರಾಂತಿ ಆಯಿತು, ಅವರು ಹಿಂದೆ ಸರಿದರು. ಕುದುರೆಮುಖ ಬೇರೆ ಗಿರಾಕಿ ಹುಡುಕಿಕೊಂಡು 2005ರ ಡಿಸೆಂಬರ್ 31ರವರೆಗೆ ನಡೆಯಿತು. ಆ ದಿನ ಸುಪ್ರೀಂ ಕೋರ್ಟ್ ಆದೇಶದಂತೆ ಗಣಿಗಾರಿಕೆ ನಿಂತಿತು. ಎಂಆರ್‌ಪಿಎಲ್‌ನ ತೈಲ ಶುದ್ಧೀಕರಣ ಘಟಕದ ಪೆಟ್ರೋಲ್, ಡೀಸೆಲ್ ಕೂಡ ಮುಂದೆ ಪೈಪ್ ಹಿಡಿಯಿತು. ಹಾಸನದ ಮೂಲಕ ಬೆಂಗಳೂರಿಗೆ ಹೋಗುವ ಆ ಪೈಪಿನ ಉದ್ದ 362 ಕಿ.ಮೀ. ಪೈಪು ಒಳ್ಳೆಯದೇ, ಅಪಘಾತ ಇಲ್ಲ, ಹೊಗೆ ಇಲ್ಲ. ಆದರೆ ದಾರಿಯಲ್ಲಿ ಸಿಗುವ ಪುತ್ತೂರು, ಕಡಬ, ಸಕಲೇಶಪುರಕ್ಕೆ ಪೈಪಿನಿಂದ ಏನು ಸಿಗುತ್ತದೆ? ಒಂದು ಚಹಾ ಅಂಗಡಿಯೂ ಹುಟ್ಟುವುದಿಲ್ಲ.

ಈ ಕತೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು 1996ರಿಂದ 2007ರವರೆಗಿನ ಕಾಲ. ಆಗ ದೇಶವಿಡೀ ಹಳಿಗಳನ್ನು ಅಗಲಿಸಿ ಬ್ರಾಡ್‌ಗೇಜ್ ಮಾಡುವ ಕೆಲಸ ಜೋರಾಗಿತ್ತು. ಹಾಸನ–ಮಂಗಳೂರು ಮಾರ್ಗವನ್ನೂ 1996ರಲ್ಲಿ ಅದಕ್ಕಾಗಿ ಬಂದ್ ಮಾಡಿದರು. ಮಾರ್ಗ ಸಂಪೂರ್ಣವಾಗಿ ತೆರೆದು 17 ವರ್ಷ ಆಗಿತ್ತು ಅಷ್ಟೆ. ಬಂದ್ ಆದದ್ದು ಹನ್ನೊಂದು ವರ್ಷ. ಕರಾವಳಿಯ ದೊಡ್ಡ ಬಂದರು ಮತ್ತು ರಾಜ್ಯದ ರಾಜಧಾನಿಯ ನಡುವೆ ಒಂದು ದಶಕಕ್ಕೂ ಜಾಸ್ತಿ ನೇರ ಪ್ಯಾಸೆಂಜರ್ ರೈಲು ಇರಲಿಲ್ಲ. ಇದನ್ನು ಈಗಿನ ಕಾಲೇಜು ಹುಡುಗರಿಗೆ ಹೇಳಿದರೆ ನಂಬುವುದಿಲ್ಲ.

ಆ ದಶಕದಲ್ಲೇ ಬೆಂಗಳೂರು ಐಟಿಯಿಂದ ಬೆಳೆಯಿತು. ಸುರತ್ಕಲ್, ಮಣಿಪಾಲ, ನಿಟ್ಟೆಯಲ್ಲಿ ಇಂಜಿನಿಯರಿಂಗ್ ಓದಿದವರು ಸಾಲುಸಾಲಾಗಿ ಅಲ್ಲಿಗೆ ಹೋದರು. ಎಲ್ಲರೂ ಹೋದದ್ದು ರಾತ್ರಿ ಬಸ್ಸಿನಲ್ಲಿ. ಶುಕ್ರವಾರ, ಭಾನುವಾರ ರಾತ್ರಿ ಶಿರಾಡಿಯಲ್ಲಿ ಬಸ್ಸುಗಳ ಸಾಲು. ಮಳೆಗಾಲದಲ್ಲಿ ಗುಂಡ್ಯದಲ್ಲಿ ಬಸ್ಸು ನಿಂತಿತು ಅಂದರೆ ಬೆಳಗ್ಗೆ ಆಫೀಸಿಗೆ ರಜೆ ಅಂತಲೇ ಅರ್ಥ. ಮೇಲೆ ರೈಲು ಓಡದ ಹಳಿಯ ಮೇಲೆ ಮಾತ್ರ ಜನ ಇದ್ದರು. ದೋಣಿಗಲ್ಲಿನಿಂದ ಯಡಕುಮೇರಿ ಕಡೆಗೆ ಸುರಂಗಗಳೊಳಗೆ ಟಾರ್ಚ್ ಹಿಡಿದು ಚಾರಣ ಮಾಡುವವರು. "ಗ್ರೀನ್ ರೂಟ್" ಅಂತ ಅದಕ್ಕೆ ಹೆಸರೂ ಬಂತು. ಸರಕು ಇಳಿಸಲು ಕಟ್ಟಿದ ಹಳಿ ಟ್ರೆಕ್ಕಿಂಗ್ ದಾರಿಯಾದದ್ದು ನೋಡಿ ನಗಬೇಕೋ ಅಳಬೇಕೋ.

ಅದೇ ಹೊತ್ತಿಗೆ ಅದಿರಿನ ಭರಾಟೆ ಬಂತು. ಚೀನಾದಲ್ಲಿ ಬೇಡಿಕೆ ಏರಿತು. ಬಳ್ಳಾರಿ, ಹೊಸಪೇಟೆ, ಚಿತ್ರದುರ್ಗ ಕಡೆಯ ಅದಿರು ಪಣಂಬೂರಿಗೆ ಬರಬೇಕಿತ್ತು. ಹಳಿ ಬಂದ್. ಹಾಗಾಗಿ ಲಾರಿ. ಶಿರಾಡಿ, ಚಾರ್ಮಾಡಿ ಎರಡೂ ಘಾಟಿಯಲ್ಲಿ ಅದಿರು ತುಂಬಿದ ಲಾರಿಗಳು ಹಗಲು ರಾತ್ರಿ ಇಳಿದವು. ಬೈಕಂಪಾಡಿ ಸುತ್ತಮುತ್ತ ಮರದ ಎಲೆ, ಮನೆಯ ಹಂಚು, ಒಣಗಲು ಹಾಕಿದ ಬಟ್ಟೆ ಎಲ್ಲ ಕೆಂಪು. ಶಿರಾಡಿಯಲ್ಲಿ ಡಾಂಬರು ಯಾವುದು, ಗುಂಡಿ ಯಾವುದು ಗೊತ್ತಾಗುತ್ತಿರಲಿಲ್ಲ. ಮಳೆ ಬಂದರೆ ಗುಂಡಿಯೊಳಗೆ ಕೆಂಪು ನೀರು. ರೈಲು ಹೊರಬೇಕಾದ ಭಾರವನ್ನು ಅದಕ್ಕಾಗಿ ಕಟ್ಟದ ಘಾಟಿ ರಸ್ತೆಯ ಮೇಲೆ ಹೇರಿದರೆ ಇನ್ನೇನಾಗುತ್ತದೆ?

ಗೇಜ್ ಬದಲಾವಣೆಗೆ ಹಣ ಹೊಂದಿಸಲು ಕೊನೆಗೆ 2003ರಲ್ಲಿ ರೈಲ್ವೆ, ರಾಜ್ಯ ಸರ್ಕಾರ ಮತ್ತಿತರರು ಸೇರಿ ಒಂದು ಪ್ರತ್ಯೇಕ ಕಂಪನಿಯನ್ನೇ ಮಾಡಿಕೊಂಡರು. 2006ರಲ್ಲಿ ಗೂಡ್ಸ್ ರೈಲು ಓಡಿತು. ಪ್ಯಾಸೆಂಜರ್ ರೈಲಿಗೆ 2007ರ ಡಿಸೆಂಬರ್‌ವರೆಗೆ ಕಾಯಬೇಕಾಯಿತು. ಅದಿರಿಗೆ ಸೈ ಅನ್ನಿಸಿಕೊಂಡ ಹಳಿ ಮನುಷ್ಯರಿಗೆ ಸೈ ಅನ್ನಿಸಿಕೊಳ್ಳಲು ಮತ್ತೆ ಒಂದೂವರೆ ವರ್ಷ ಹಿಡಿಯಿತು. ಸುರಕ್ಷತೆಯ ಕಾರಣ ಇತ್ತು, ಅದನ್ನು ಹಗುರ ಮಾಡುವ ಹಾಗಿಲ್ಲ. ಆದರೂ ಯಾವುದಕ್ಕೆ ಆತುರ ಇತ್ತು ಅನ್ನುವುದು ಕಾಣುತ್ತದೆ, ಅಲ್ವಾ? 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಷೇಧಿಸಿತು. ಲಾರಿಗಳು ನಿಂತವು. ಹಾಳಾದ ರಸ್ತೆ ಹಾಗೇ ಉಳಿಯಿತು. ಶಿರಾಡಿಯ ಸುಮಾರು 26 ಕಿ.ಮೀ. ಕಾಂಕ್ರೀಟ್ ಮಾಡಲು 2015ರಲ್ಲಿ ಒಮ್ಮೆ, 2018ರಲ್ಲಿ ಇನ್ನೊಮ್ಮೆ ಘಾಟಿಯನ್ನು ತಿಂಗಳುಗಟ್ಟಲೆ ಮುಚ್ಚಬೇಕಾಯಿತು.

ಮೂರನೆಯ ಹಳಿಯ ಕತೆ ಇದಕ್ಕೆ ತದ್ವಿರುದ್ಧ. ಕೊಂಕಣ ರೈಲ್ವೆಗೆ ಬೇರೆಯೇ ನಿಗಮ ಮಾಡಿದರು, 1990ರಲ್ಲಿ. ರೈಲ್ವೆ ಸಚಿವರಾಗಿದ್ದವರು ಮಂಗಳೂರಿನಲ್ಲೇ ಹುಟ್ಟಿದ ಜಾರ್ಜ್ ಫರ್ನಾಂಡಿಸ್, ಕೆಲಸ ನಡೆಸಿದವರು ಇ. ಶ್ರೀಧರನ್. ಮಂಗಳೂರು–ಉಡುಪಿ ನಡುವೆ 1993ರಲ್ಲೇ ರೈಲು ಬಂತು, 1998ರ ಜನವರಿ 26ಕ್ಕೆ ರೋಹಾದಿಂದ ತೋಕೂರಿನವರೆಗೆ 741 ಕಿ.ಮೀ. ಪೂರ್ತಿ ರೈಲು ಓಡಾಟಕ್ಕೆ ತೆರೆಯಿತು. ಮುಂಬೈ ಹೋಟೆಲುಗಳಲ್ಲಿ ಬದುಕು ಕಟ್ಟಿಕೊಂಡ ಕುಂದಾಪುರ, ಬೈಂದೂರಿನವರಿಗೆ ಇದರ ಬೆಲೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಆದರೆ ನಿಗಮ ಸಾಲ ಎತ್ತಿ ಕಟ್ಟಿದ ಹಳಿ ಅದು, ಸಾಲ ತೀರಿಸಬೇಕು. ನಿಗಮ ಶುರುವಾದಾಗ ಅದರಲ್ಲಿ ಕರ್ನಾಟಕದ ಪಾಲು 15 ಶೇಕಡಾ ಇತ್ತು. ಜೋಡಿ ಹಳಿ, ಹೊಸ ಪ್ಲಾಟ್‌ಫಾರ್ಮ್ ಕೇಳಿದರೆ ಹಣದ ಪ್ರಶ್ನೆ ಬರುತ್ತದೆ. ಅದಕ್ಕೇ ಭಾರತೀಯ ರೈಲ್ವೆಯಲ್ಲಿ ವಿಲೀನ ಮಾಡಿ ಅನ್ನುವ ಬೇಡಿಕೆ ಹುಟ್ಟಿದ್ದು.

ಗೋಜಲು ನಿಜವಾಗಿ ಕಾಣಿಸುವುದು ಒಂದು ರೈಲಿನ ವೇಳಾಪಟ್ಟಿಯಲ್ಲಿ. ಬೆಂಗಳೂರು–ಮಂಗಳೂರು ರಾತ್ರಿ ರೈಲು ಮುಂದೆ ಕಣ್ಣೂರಿಗೆ ವಿಸ್ತರಣೆಯಾಯಿತು. ನಮ್ಮ ಸೀಟು ಹೋಯಿತು ಅಂತ ಮಂಗಳೂರಿನವರು ಗಲಾಟೆ ಮಾಡಿದರು. ಕಾಸರಗೋಡಿನಲ್ಲಿ ಹತ್ತುವವರೂ ಬಹಳ ಜನ ಕನ್ನಡಿಗರೇ ಅನ್ನುವುದು ಆ ಗಲಾಟೆಯಲ್ಲಿ ಯಾರಿಗೂ ನೆನಪಾಗಲಿಲ್ಲ. ಇತ್ತ ಬೆಂಗಳೂರಿನಿಂದ ಉಡುಪಿ ಕಡೆಗೆ ಬರುವ ರೈಲು ಮಂಗಳೂರಿಗೆ ಬಂದು ಇಂಜಿನ್ ತಿರುಗಿಸಿಕೊಂಡು ಹೊರಡಬೇಕಿತ್ತು, ಗಂಟೆಗಟ್ಟಲೆ ಹಾಳು. 2020ರಲ್ಲಿ ಕಾರವಾರದ ಕಡೆಗೆ ಹೊಸ ರೈಲು ಬಂದಾಗ ಪಡೀಲ್ ಬೈಪಾಸಿನಲ್ಲಿ ನೇರ ಸುರತ್ಕಲ್ ಕಡೆ ಬಿಟ್ಟರು. ಇವತ್ತಿನ ಪಂಚಗಂಗಾ ಅದೇ. ಕುಂದಾಪುರದವರು ಖುಷಿಪಟ್ಟರು. ನಮ್ಮ ಊರಿನ ಪಕ್ಕದಲ್ಲೇ ಹೋಗುತ್ತದೆ, ನಮಗೆ ಸಿಗುವುದಿಲ್ಲ ಅಂತ ಮಂಗಳೂರಿನವರು ಗೊಣಗಿದರು. ಎರಡೂ ಸರಿ. ಸಾಕಷ್ಟು ರೈಲು ಇಲ್ಲದ ಕಡೆ ಇರುವ ಒಂದನ್ನು ಯಾರ ಅಂಗಳಕ್ಕೆ ತಿರುಗಿಸಿದರೂ ಇನ್ನೊಬ್ಬರಿಗೆ ನೋವೇ.

ಮಂಗಳೂರನ್ನು ನೈಋತ್ಯ ರೈಲ್ವೆಗೆ ಸೇರಿಸಿ ಅನ್ನುವ ಒತ್ತಾಯದ ಹಿನ್ನೆಲೆ ಇದು. ಪಾಲಕ್ಕಾಡಿನವರ ಆತಂಕಕ್ಕೂ ಕಾರಣ ಇದೆ. 2007ರಲ್ಲಿ ಸೇಲಂ ವಿಭಾಗ ಆದಾಗ ಅವರ ದೊಡ್ಡ ಭಾಗ ಕೈಬಿಟ್ಟಿತು. ಈಗ ಪಣಂಬೂರಿನ ಕಲ್ಲಿದ್ದಲು, ಗೊಬ್ಬರದ ಸರಕು ಹೋದರೆ ಆ ವಿಭಾಗದ ಗಳಿಕೆಯಲ್ಲಿ ದೊಡ್ಡ ಪಾಲೇ ಹೋಗುತ್ತದೆ. ಅಂದರೆ ಜಗಳ ಇರುವುದು ಮಂಗಳೂರಿನ ಪ್ರಯಾಣಿಕರಿಗಾಗಿ ಅಲ್ಲ. ಬಂದರಿನ ವ್ಯಾಗನ್‌ಗಳಿಗಾಗಿ.

ಗಡಿ ಬದಲಾದರೆ ಅರ್ಜಿ ಕೊಡಲು ಹೋಗುವ ದಾರಿ ಹತ್ತಿರವಾಗುತ್ತದೆ, ಅದೂ ಸಣ್ಣ ಲಾಭವಲ್ಲ. ಆದರೆ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ. ಘಟ್ಟ ಹಾಗೇ ಇರುತ್ತದೆ. 57 ಸುರಂಗ, ಪ್ರತಿ 50 ಮೀಟರಿಗೆ ಒಂದು ಮೀಟರ್ ಏರು, ಒಂದೇ ಹಳಿ. ಗೂಡ್ಸ್ ರೈಲು ಹತ್ತಬೇಕಾದರೆ ಹಿಂದಿನಿಂದ ತಳ್ಳಲು ಹೆಚ್ಚುವರಿ ಇಂಜಿನ್ ಬೇಕು. ಬೆಂಗಳೂರಿನಿಂದ ಮಂಗಳೂರಿಗೂ ಚೆನ್ನೈಗೂ ದೂರ ಸುಮಾರು ಒಂದೇ, 350 ಕಿ.ಮೀ. ಆಸುಪಾಸು. ಆದರೂ ಬೆಂಗಳೂರಿನ ಕಂಟೈನರ್‌ಗಳು ಹೆಚ್ಚಾಗಿ ಚೆನ್ನೈ ಕಡೆಗೇ ಹೋಗುತ್ತವೆ. ಆ ದಾರಿಯಲ್ಲಿ ಇಂಥ ಘಟ್ಟ ಇಲ್ಲ.

2024ರ ಜುಲೈ ಕೊನೆಯಲ್ಲಿ ಕಡಗರವಳ್ಳಿ–ಯಡಕುಮೇರಿ ನಡುವೆ ಹಳಿಯ ಕೆಳಗಿನ ಮಣ್ಣು ಜಾರಿ ರೈಲು ನಿಂತಿತು. ಅದೇ ಮಳೆಯಲ್ಲಿ ಸಕಲೇಶಪುರದ ಹತ್ತಿರ ದೊಡ್ಡತಪ್ಲುವಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೂ ಕಟ್ಟಿತು. ಎರಡೂ ಒಂದೇ ಬೆಟ್ಟ, ಒಂದೇ ಮಳೆ. ರೈಲು ಮತ್ತೆ ಓಡಿದ್ದು ಆಗಸ್ಟ್‌ನಲ್ಲಿ. ಶಿರಾಡಿಗೆ ಸುಮಾರು 23 ಕಿ.ಮೀ. ಸುರಂಗ, ಸೇತುವೆಯ ದಾರಿ ಬೇಕೆಂಬ ಪ್ರಸ್ತಾವ ಬಹಳ ವರ್ಷಗಳಿಂದ ಹೆದ್ದಾರಿಯವರ ಕಡತದಲ್ಲಿದೆ. ಘಟ್ಟದಲ್ಲಿ ಜೋಡಿ ಹಳಿ ಬೇಕೆಂಬ ಬೇಡಿಕೆ ರೈಲ್ವೆಯವರ ಮುಂದಿದೆ. ಬೆಟ್ಟ ಕೊರೆಯುವುದು ಇಬ್ಬರಿಗೂ ಅದೇ ಖರ್ಚು, ಅದೇ ಕಾಡಿನ ಅನುಮತಿ. ಒಂದೇ ಸಲಕ್ಕೆ, ಒಂದೇ ಸಮೀಕ್ಷೆಯಲ್ಲಿ ಎರಡನ್ನೂ ನೋಡಬಹುದಾ ಅಂತ ಕೇಳಲು ಹೋದರೆ, ಅರ್ಜಿಯನ್ನು ಯಾರ ಹೆಸರಿಗೆ ಬರೆಯಬೇಕು ಅನ್ನುವಲ್ಲೇ ಪೆನ್ನು ನಿಲ್ಲುತ್ತದೆ.