ಸೆಪ್ಟೆಂಬರ್ ಬೇಟೆ ಜೂನ್‌ನಲ್ಲೇ ತೀರ್ಮಾನ

ಬೇಟೆಗೆ ಹೋದವನು ಬರಿಗೈಯಲ್ಲಿ ಬಂದರೆ ಕಾರಣಗಳು ಸಾಲುಗಟ್ಟುತ್ತವೆ. ಎದ್ದ ಮಗ್ಗುಲು ಸರಿಯಿಲ್ಲ, ಗುರಿ ತಪ್ಪಿತು, ನರಿ ಜಾಸ್ತಿಯಾಯಿತು. ಹಕ್ಕಿಯ ಮರಿಗಳು ಏನು ತಿಂದವು ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಇಂಗ್ಲೆಂಡಿನ ಗ್ರೇ ಪಾರ್ಟ್ರಿಡ್ಜ್ ನಮ್ಮ ಕೌಜುಗದ ದೂರದ ನೆಂಟ. (ನಮ್ಮಲ್ಲಿ ಕೌಜುಗದ ಬೇಟೆಗೆ ಕಾನೂನಿನ ತಡೆಯಿದೆ. ಒಳ್ಳೆಯದೇ.) ಅಲ್ಲಿ ಸೆಪ್ಟೆಂಬರ್ 1ಕ್ಕೆ ಬೇಟೆ ಶುರು. ಆದರೆ ಎಷ್ಟು ಹಕ್ಕಿ ಸಿಗುತ್ತವೆ ಅನ್ನುವುದು ಬಹುಪಾಲು ಜೂನ್‌ನಲ್ಲೇ, ಮರಿಗಳು ಮೊಟ್ಟೆಯೊಡೆದು ಬರುವಾಗಲೇ ಗೊತ್ತಾಗಿಬಿಡುತ್ತದೆ.

ಒಂದು ಗೂಡಿಗೆ ಸುಮಾರು 15 ಮೊಟ್ಟೆ. ಮರಿ 10 ಗ್ರಾಮೂ ತೂಗುವುದಿಲ್ಲ. ಹುಟ್ಟಿದ ಕೆಲವೇ ಗಂಟೆಗಳಲ್ಲಿ ಗೂಡು ಬಿಟ್ಟು ತನ್ನ ಊಟ ತಾನೇ ಹುಡುಕಬೇಕು. ಮೊದಲ ಎರಡು ವಾರ ಅದಕ್ಕೆ ಬೇಕಾದದ್ದು ಕಾಳಲ್ಲ, ಹುಳ. ಕಾಳು ಸೌದೆಯಾದರೆ ಹುಳ ಇಟ್ಟಿಗೆ. ಬರೀ ಸೌದೆ ಉರಿಸಿ ಮನೆ ಕಟ್ಟಲಾಗುವುದಿಲ್ಲ ಅಲ್ವಾ? ಗರಿ, ಮಾಂಸ ಬೆಳೆಯಲು ಹುಳದ ಪ್ರೋಟೀನೇ ಬೇಕು.

ಇನ್ನೊಂದು ಕಷ್ಟವಿದೆ. ಮರಿಗೆ ಮೈ ಬೆಚ್ಚಗಿಟ್ಟುಕೊಳ್ಳಲು ಬರುವುದಿಲ್ಲ. ತಾಯಿಯ ರೆಕ್ಕೆಯೇ ಕಂಬಳಿ. ಚಳಿಮಳೆ ಬಂದರೆ ಕಂಬಳಿಯೊಳಗೆ ಸೇರಬೇಕು. ಆಗ ಊಟವಿಲ್ಲ. ಹುಳ ದಟ್ಟವಾಗಿದ್ದರೆ, ಮಳೆ ಬಿಟ್ಟ ಚೂರು ಹೊತ್ತಿನಲ್ಲೇ ಹೊಟ್ಟೆ ತುಂಬಿಸಿಕೊಂಡು ಓಡಿ ಬರಬಹುದು. ಹುಳ ವಿರಳವಾಗಿದ್ದರೆ ಒದ್ದೆ ಹುಲ್ಲಿನಲ್ಲಿ ದೂರ ಅಲೆಯಬೇಕು. ಹಿತ್ತಿಲಲ್ಲೇ ಬಾವಿ ಇರುವವರಿಗೂ ಎರಡು ಮೈಲಿ ನಡೆದು ನೀರು ತರುವವರಿಗೂ ಒಂದೇ ಮಳೆ ಒಂದೇ ಥರ ತಟ್ಟುತ್ತದೆಯೇ? ಅದೇ ಜೂನ್, ಅದೇ ಮಳೆ. ಒಂದು ಹೊಲದಲ್ಲಿ ಮರಿ ಉಳಿಯುತ್ತದೆ, ಪಕ್ಕದ ಹೊಲದಲ್ಲಿ ಸಾಯುತ್ತದೆ. ಸುಮ್ನೆ ಹವಾಮಾನವನ್ನೇ ದೂರಿದರೆ ಅರ್ಧ ಕಥೆ ಬಿಟ್ಟಂತೆ.

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬ್ರಿಟನ್ನಿನಲ್ಲಿ ವರ್ಷಕ್ಕೆ ಸುಮಾರು 20 ಲಕ್ಷ ಪಾರ್ಟ್ರಿಡ್ಜ್ ಬೇಟೆಯಾಗುತ್ತಿತ್ತು. ಅಷ್ಟು ಹೊಡೆದರೂ ಹಕ್ಕಿ ಉಳಿದಿತ್ತು. 1950ರ ದಶಕದಲ್ಲಿ ಕಳೆನಾಶಕ ಬಂತು. ಗೋಧಿ ಹೊಲದ ಕಳೆ ಹೋಯಿತು, ಕಳೆ ತಿನ್ನುವ ಹುಳ ಹೋಯಿತು, ಮರಿಗಳು ಹಸಿದವು. 1968ರಲ್ಲಿ ದಕ್ಷಿಣ ಇಂಗ್ಲೆಂಡಿನ ಸಸೆಕ್ಸ್‌ನ ಗುಡ್ಡಗಳಲ್ಲಿ ಅಧ್ಯಯನ ಶುರುಮಾಡಿದ ವಿಜ್ಞಾನಿ ಡಿಕ್ ಪಾಟ್ಸ್ ಹಕ್ಕಿಗಳ ಜೊತೆಗೆ ಹೊಲದ ಹುಳಗಳ ಲೆಕ್ಕವನ್ನೂ ಇಟ್ಟರು. ಈ ಸರಪಳಿ ಬಿಡಿಸಿಕೊಂಡದ್ದು ಹಾಗೆ.

1980ರ ದಶಕದಲ್ಲಿ ಪರಿಹಾರವನ್ನೂ ಹೊಲದಲ್ಲೇ ಪರೀಕ್ಷಿಸಿದರು. ಹೊಲದ ಅಂಚಿನಲ್ಲಿ ಸುಮಾರು 6 ಮೀಟರ್ ಪಟ್ಟಿಗೆ ಕಳೆನಾಶಕ ಹೊಡೆಯದೆ ಬಿಟ್ಟರು. ಅಲ್ಲಿ ಕಳೆ ಎದ್ದಿತು, ಹುಳ ಬಂತು. ಆ ಪಟ್ಟಿಯಲ್ಲಿ ಮೇಯ್ದ ಮರಿಗಳು ಹೆಚ್ಚು ಉಳಿದವು.