ಕಪ್ಪುಕುಳಿ ಜೋಡಿಗಳು: ಯಾವುದು ಎಷ್ಟು ದೊಡ್ಡದು?

ಚರ್ಚ್‌ಗೇಟ್‌ನಿಂದ ವಿರಾರ್‌ವರೆಗೆ ಲೋಕಲ್ ಹಳಿ 60 ಕಿ.ಮೀ. ಸೂರ್ಯನ 10 ಪಟ್ಟು ತೂಕದ, ತನ್ನಷ್ಟಕ್ಕೆ ತಿರುಗದ ಕಪ್ಪುಕುಳಿಯ ಅಡ್ಡಳತೆಯೂ ಹೆಚ್ಚುಕಡಿಮೆ ಅಷ್ಟೇ. ದಿನಾ ವಿರಾರ್ ಫಾಸ್ಟ್ ಹಿಡಿಯುವ ಮುಂಬೈ ಕನ್ನಡಿಗರಿಗೆ ಈ ದೂರ ಚೆನ್ನಾಗಿ ಗೊತ್ತು. ಆದರೆ ಕಪ್ಪುಕುಳಿಗೆ ಒಂದು ನಕ್ಷತ್ರ ಜೊತೆಯಾಗಿದ್ದರೆ, ಅವೆರಡರ ನಡುವಿನ ದೂರವೇ ಜಾಸ್ತಿ ಕಥೆ ಹೇಳುತ್ತದೆ.

ಸಿಗ್ನಸ್ ಎಕ್ಸ್-1 ಎಂಬ ಎಕ್ಸ್-ರೇ ಮೂಲ ಸಿಕ್ಕಿದ್ದು 1964ರಲ್ಲಿ, ರಾಕೆಟ್ ಹಾರಿಸಿದಾಗ. ಅಲ್ಲಿನ ದೈತ್ಯ ನಕ್ಷತ್ರ 5.6 ದಿನಕ್ಕೊಂದು ಸುತ್ತು ಹಾಕುತ್ತಿದೆ, ಜೊತೆಗಾರ ಮಾತ್ರ ಕಾಣುತ್ತಿಲ್ಲ ಎಂದು 1972ರ ಹೊತ್ತಿಗೆ ತಿಳಿಯಿತು. ಆ ಕಾಣದ ಜೊತೆಗಾರನೇ ಕಪ್ಪುಕುಳಿ. ಎರಡರ ನಡುವೆ ಸುಮಾರು 3.6 ಕೋಟಿ ಕಿ.ಮೀ.

1975ರಲ್ಲಿ ಎ0620-00 ಎಂಬ ಇನ್ನೊಂದು ಜೋಡಿ ಎಕ್ಸ್-ರೇಯಲ್ಲಿ ಹೊತ್ತಿಕೊಂಡಿತು. ಇದರ ಒಂದು ಸುತ್ತಿಗೆ ಎಂಟು ಗಂಟೆಯೂ ಬೇಡ. ನಡುವಿನ ದೂರ ಎರಡು ಸೂರ್ಯರ ಅಗಲದಷ್ಟು. ಇಷ್ಟು ಹತ್ತಿರವಿದ್ದರೆ ನಕ್ಷತ್ರ ಗುಂಡಗೆ ಉಳಿಯುವುದಿಲ್ಲ, ಕುಳಿಯ ಕಡೆಗೆ ಎಳೆದಂತೆ ಉದ್ದವಾಗುತ್ತದೆ. ಪಕ್ಕದಿಂದ ಕಂಡಾಗ ಹೆಚ್ಚು ಬೆಳಕು, ತುದಿಯಿಂದ ಕಂಡಾಗ ಕಡಿಮೆ. ಹಾಗಾಗಿ ಒಂದು ಸುತ್ತಿನಲ್ಲಿ ಎರಡು ಸಲ ಬೆಳಕು ಏರಿಳಿಯುತ್ತದೆ. ಆ ಏರಿಳಿತ ನೋಡಿಯೇ ಕಕ್ಷೆ ಎಷ್ಟು ವಾಲಿದೆ ಎಂದು ಲೆಕ್ಕ ಹಾಕುತ್ತಾರೆ. ವಾಲು ತಿಳಿಯದೆ ತೂಕ ಸಿಗದು, ತೂಕವಿಲ್ಲದೆ ದೂರವೂ ಸಿಗದು. ನನಗಂತೂ ಇಡೀ ವಿಷಯದಲ್ಲಿ ಇದೇ ಅತಿ ಚೆಂದದ ಭಾಗ.

1992ರಲ್ಲಿ ಸಿಕ್ಕ ಜಿಆರ್‌ಎಸ್ 1915+105 ಇದಕ್ಕೆ ಪೂರ್ತಿ ಉಲ್ಟಾ. ಒಂದು ಸುತ್ತಿಗೆ 34 ದಿನ, ದೂರ ಸುಮಾರು 7 ಕೋಟಿ ಕಿ.ಮೀ. ಜೋಡಿ ದೊಡ್ಡದಾದರೆ ನಕ್ಷತ್ರದಿಂದ ಹರಿದು ಬಂದು ಕುಳಿಯ ಸುತ್ತ ಸೇರುವ ಅನಿಲದ ತಟ್ಟೆಯೂ ದೊಡ್ಡದು, ಖಾಲಿಯಾಗಲು ಕಾಲ ಬೇಕು. ಎ0620-00 ತಿಂಗಳುಗಳಲ್ಲಿ ಮಂಕಾಯಿತು. 1992ರಲ್ಲಿ ಸಿಕ್ಕ ಈ ಜೋಡಿ ಮಾತ್ರ 2018ರವರೆಗೂ ಝಗಝಗಿಸಿತು. ಕೊಲಾಬಾದ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್ ಮತ್ತು ಇಸ್ರೋ ಸೇರಿ 1996ರಲ್ಲಿ ಐಆರ್‌ಎಸ್-ಪಿ3 ಉಪಗ್ರಹದಲ್ಲಿ ಕಳಿಸಿದ ಉಪಕರಣ ಇದರ ಮಿಡಿತಗಳನ್ನು ಹಿಡಿಯಿತು. 2015ರಲ್ಲಿ ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದ ಎಕ್ಸ್-ರೇ ಉಪಕರಣ ಲ್ಯಾಕ್ಸ್‌ಪಿಸಿ ಕೂಡ ಟಿಐಎಫ್‌ಆರ್‌ನಲ್ಲೇ ತಯಾರಾದದ್ದು. ಮುಂಬೈಯವರು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳಬೇಕು, ಅಲ್ವಾ?

ಇವೆಲ್ಲ ಎಕ್ಸ್-ರೇ ಚೆಲ್ಲಿ ಸಿಕ್ಕಿಬಿದ್ದ ಜೋಡಿಗಳು. ದೂರದೂರ ಇರುವ ಜೋಡಿಯಲ್ಲಿ ಅನಿಲ ಕುಳಿಗೆ ಅಷ್ಟಾಗಿ ಹರಿಯುವುದಿಲ್ಲ, ಎಕ್ಸ್-ರೇ ಹೊಳಪೂ ಇರುವುದಿಲ್ಲ. ಅಂಥವನ್ನು ಹಿಡಿದದ್ದು ನಕ್ಷತ್ರಗಳ ಜಾಗ ಅಳೆಯುತ್ತಿದ್ದ ಗಾಯಾ ಉಪಗ್ರಹ. 2022ರ ಗಾಯಾ ಬಿಎಚ್1ರ ಸುತ್ತು 186 ದಿನ. 2024ರ ಗಾಯಾ ಬಿಎಚ್3ರದ್ದು 11.6 ವರ್ಷ, ಸೂರ್ಯನಿಂದ ಶನಿಗಿರುವ ದೂರಕ್ಕಿಂತಲೂ ಅದರ ಹರವು ಜಾಸ್ತಿ. ಇದರ ಕುಳಿ 33 ಸೂರ್ಯರಷ್ಟು ಭಾರ, ನಮ್ಮಿಂದ 2,000 ಜ್ಯೋತಿರ್ವರ್ಷದೊಳಗೇ ಇದೆ. ಆದರೂ ಅಷ್ಟು ವರ್ಷ ಯಾವ ಎಕ್ಸ್-ರೇ ದೂರದರ್ಶಕದ ಕಣ್ಣಿಗೂ ಬಿದ್ದಿರಲಿಲ್ಲ.